ಅಂಗಾತವೋ ಬೋರಲೋ: ಹಸುಗೂಸಿನ ಉಸಿರಿನ ಮೇಲೊಂದು ಸಮೀಕ್ಷೆ

ಕೊಡಗಿನಲ್ಲಿ ಗಂಡುಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಅದರ ಕೈಗೆ ಮುಟ್ಟಿಸಿ ಅಂಗಳದಲ್ಲಿ ಒಂದು ಗುಂಡು ಹಾರಿಸುವುದನ್ನೂ, ಹನ್ನೆರಡನೆಯ ದಿನ ತಾಯಿಯೋ ಅಜ್ಜಿಯೋ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದನ್ನೂ ಜಿ. ರಿಕ್ಟರ್ 1870ರ ತಮ್ಮ ಕೊಡಗಿನ ಕೈಪಿಡಿಯಲ್ಲಿ ದಾಖಲಿಸಿದ್ದಾರೆ. ತೊಟ್ಟಿಲಿಗೆ ಹಾಕುವ ಶಾಸ್ತ್ರ ಕನ್ನಡ ನಾಡಿನ ಉದ್ದಗಲಕ್ಕೂ ಇಂದಿಗೂ ನಡೆಯುತ್ತದೆ, ಕೂಸನ್ನು ಅಂಗಾತ ಮಲಗಿಸಿಯೇ ನಡೆಯುತ್ತದೆ. ಶಾಸ್ತ್ರ ಮುಗಿದ ಮೇಲಿನ ಹಗಲು ರಾತ್ರಿಗಳಲ್ಲಿ ಮಾತ್ರ ಅದನ್ನು ಹೇಗೆ ಮಲಗಿಸಬೇಕೆಂಬುದಕ್ಕೆ ಮನೆಯೊಳಗೆ ಒಮ್ಮತ ಇರುವುದಿಲ್ಲ.

ಮಡಿಕೇರಿಯ ಆಸ್ಪತ್ರೆಯಿಂದಲೋ ವಿರಾಜಪೇಟೆಯ ಆಸ್ಪತ್ರೆಯಿಂದಲೋ ಮನೆಗೆ ಬಂದ ಬಾಣಂತಿಯ ಸುತ್ತ ನಾಲ್ಕು ಬಗೆಯ ಮಾತು ಸುತ್ತುತ್ತದೆ. ಅಂಗಾತ ಮಲಗಿಸಿದರೆ ಹಾಲು ನೆತ್ತಿಗೇರೀತು, ಮಗ್ಗುಲಿಗೆ ಹಾಕು ಎನ್ನುತ್ತಾರೆ ಅಜ್ಜಿ. ಬೋರಲು ಹಾಕಿದರೆ ಹೊಟ್ಟೆನೋವು ಇಳಿದು ಗಾಢ ನಿದ್ದೆ ಬರುತ್ತದೆ ಎನ್ನುತ್ತಾರೆ ಪಕ್ಕದ ಮನೆಯವರು. ತಲೆ ಗುಂಡಗಾಗಲು ರಾಗಿ ದಿಂಬು ಬೇಕೆಂದು ಮತ್ತೊಬ್ಬರು. ಆಶಾ ಕಾರ್ಯಕರ್ತೆ ಬಂದು ಅಂಗಾತವೇ ಸರಿ ಎಂದು ಹೇಳಿಹೋಗುತ್ತಾಳೆ. ಇವರಲ್ಲಿ ಯಾರ ಮಾತೂ ಕೆಟ್ಟ ಮನಸ್ಸಿನಿಂದ ಬಂದದ್ದಲ್ಲ. ಆದರೆ ದೇಹದ ಭಂಗಿಗೂ ಉಸಿರಿಗೂ ಇರುವ ಸಂಬಂಧವನ್ನು ಅಳೆದು ನೋಡಿದ ಅರ್ಧ ಶತಮಾನದ ಕೆಲಸ ನಮ್ಮ ಮುಂದಿದೆ. ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿನ ಬಗ್ಗೆ ಆ ಕೆಲಸ ಹೇಳುವುದೇನೆಂದು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಕೂಸಿನ ಎದೆಯ ಕಟ್ಟಡವನ್ನು ತಿಳಿಯಬೇಕು. ದೊಡ್ಡವರ ಪಕ್ಕೆಲುಬುಗಳು ಬೆನ್ನಿನಿಂದ ಮುಂದಕ್ಕೆ ಓರೆಯಾಗಿ ಇಳಿದಿರುತ್ತವೆ. ಉಸಿರೆಳೆದಾಗ ಬಕೆಟ್ಟಿನ ಹಿಡಿಯಂತೆ ಮೇಲೇಳುತ್ತವೆ, ಎದೆ ಅಗಲವಾಗುತ್ತದೆ. ಹಸುಗೂಸಿನ ಪಕ್ಕೆಲುಬುಗಳು ಹೆಚ್ಚುಕಡಿಮೆ ಅಡ್ಡಡ್ಡವಾಗಿಯೇ ಇರುವುದರಿಂದ ಮೇಲೇಳಲು ಅವಕ್ಕೆ ಜಾಗವಿಲ್ಲ. ಜೊತೆಗೆ ಅವು ಮೃದು, ಬಹುಭಾಗ ಇನ್ನೂ ಮೃದ್ವಸ್ಥಿ. ಹಾಗಾಗಿ ಉಸಿರಾಟದ ಭಾರವೆಲ್ಲ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಮೇಲೆ ಬೀಳುತ್ತದೆ. ಆ ವಪೆಯೂ ಎಳೆಯದು. ದಣಿವನ್ನು ತಡೆಯಬಲ್ಲ ಸ್ನಾಯು ಎಳೆಗಳು ದೊಡ್ಡವರ ವಪೆಯಲ್ಲಿ ಸುಮಾರು ಅರ್ಧದಷ್ಟಿದ್ದರೆ, ತಿಂಗಳು ತುಂಬಿದ ಕೂಸಿನಲ್ಲಿ ಕಾಲು ಭಾಗ, ಅವಧಿಗೆ ಮುನ್ನ ಹುಟ್ಟಿದ ಕೂಸಿನಲ್ಲಿ ಹತ್ತನೇ ಒಂದು ಭಾಗಕ್ಕೂ ಕಡಿಮೆ ಎಂದು 1978ರಲ್ಲಿ ಕೀನ್ಸ್ ಮತ್ತು ಸಂಗಡಿಗರು ತೋರಿಸಿದರು. ಮಗುವಿನ ಉಸಿರು ನೋಡಬೇಕಾದರೆ ಎದೆಯನ್ನಲ್ಲ, ಹೊಟ್ಟೆಯನ್ನು ನೋಡಿ ಎಂದು ದಾದಿಯರು ಹೇಳುವುದು ಇದೇ ಕಾರಣಕ್ಕೆ.

ಕೂಸು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಧ್ವನಿಪೆಟ್ಟಿಗೆ ಕುತ್ತಿಗೆಯಲ್ಲಿ ಮೇಲೆ ಕುಳಿತಿರುತ್ತದೆ, ನಾಲಿಗೆ ಬಾಯಿಯನ್ನು ತುಂಬಿರುತ್ತದೆ. ಹಾಲು ಕುಡಿಯುತ್ತಲೇ ಉಸಿರಾಡಲು ಇದು ಅನುಕೂಲ, ಮೂಗು ಕಟ್ಟಿದರೆ ಕಷ್ಟ. ನಿಮಿಷಕ್ಕೆ 40ರಿಂದ 60 ಬಾರಿಯ ಈ ಉಸಿರು ಗಡಿಯಾರದ ಲಯದಲ್ಲೇನೂ ನಡೆಯುವುದಿಲ್ಲ. ಸರಸರನೆ ಕೆಲವು ಉಸಿರು, ಆಮೇಲೆ ಐದೋ ಎಂಟೋ ಸೆಕೆಂಡ್ ಮೌನ, ಮತ್ತೆ ಸರಸರ. ಹೊಸ ತಾಯಂದಿರು ಈ ಮೌನಕ್ಕೆ ಬೆಚ್ಚಿಬೀಳುತ್ತಾರೆ. ಹತ್ತು ಸೆಕೆಂಡಿನ ಒಳಗಿನ ಇಂಥ ನಿಲುಗಡೆ ಆರೋಗ್ಯವಂತ ಕೂಸಿನಲ್ಲಿ ಸಹಜ. 20 ಸೆಕೆಂಡ್ ದಾಟಿದರೆ, ಇಲ್ಲವೇ ಅದಕ್ಕೂ ಮೊದಲೇ ಮೈ ನೀಲಿಗಟ್ಟಿದರೆ, ಅದು ಬೇರೆಯೇ ವಿಷಯ. ಕೂಸಿನ ನಿದ್ದೆಯಲ್ಲಿ ಸುಮಾರು ಅರ್ಧದಷ್ಟು ಕಣ್ಣುಗುಡ್ಡೆ ಓಡಾಡುವ ಚಂಚಲ ನಿದ್ದೆ. ಆಗ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸಡಿಲವಾಗಿ, ಉಸಿರೆಳೆದಾಗ ಹೊಟ್ಟೆ ಉಬ್ಬಿ ಎದೆ ತುಸು ಒಳಕ್ಕೆ ಹೋಗುತ್ತದೆ. ಇಂಥ ಯಂತ್ರಕ್ಕೆ ಮಲಗುವ ಭಂಗಿಯಿಂದ ದೊಡ್ಡ ವ್ಯತ್ಯಾಸವೇ ಆಗಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಅಳೆದು ನೋಡಿದವರಿಗೆ ಸಿಕ್ಕ ಉತ್ತರ ಅಷ್ಟು ನೇರವಾಗಿಲ್ಲ. ಅವಧಿಗೆ ಮುನ್ನ ಹುಟ್ಟಿ, ಶ್ವಾಸಕೋಶದ ತೊಂದರೆಯಿಂದ ನರಳುವ ಕೂಸನ್ನು ಬೋರಲು ಮಲಗಿಸಿದರೆ ರಕ್ತದಲ್ಲಿ ಆಮ್ಲಜನಕ ಹೆಚ್ಚುತ್ತದೆ, ಎದೆ ಮತ್ತು ಹೊಟ್ಟೆಯ ಚಲನೆ ಹೊಂದಿಕೊಳ್ಳುತ್ತದೆ. ಹಾಸಿಗೆಯೇ ಮೃದು ಎದೆಗೂಡಿಗೆ ಆನಿಕೆಯಾಗುತ್ತದೆ. ಇದು ಮತ್ತೆ ಮತ್ತೆ ಕಂಡ ಫಲಿತಾಂಶ. ಆದರೆ ತಿಂಗಳು ತುಂಬಿದ ಆರೋಗ್ಯವಂತ ಕೂಸುಗಳಲ್ಲಿ ಅಂಗಾತ, ಬೋರಲು, ಮಗ್ಗುಲು ಈ ಮೂರರ ನಡುವೆ ಆಮ್ಲಜನಕದ ಮಟ್ಟದಲ್ಲಾಗಲಿ ಉಸಿರಿನ ವೇಗದಲ್ಲಾಗಲಿ ಕಂಡ ವ್ಯತ್ಯಾಸ ಬಹಳ ಸಣ್ಣದು. ಎಳೆಯ ದೇಹ ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಉಸಿರು ಬಿಡುವಾಗ ಗಂಟಲಿನ ಬಾಗಿಲನ್ನು ಅರ್ಧ ಮುಚ್ಚಿ, ವಪೆಯನ್ನು ಪೂರ್ತಿ ಸಡಿಲಗೊಳಿಸದೆ, ಶ್ವಾಸಕೋಶದಲ್ಲಿ ಬೇಕಾದಷ್ಟು ಗಾಳಿಯನ್ನು ಹಿಡಿದಿಡುತ್ತದೆ. ಹುಟ್ಟಿ ಒಂದೆರಡು ದಿನವಾದ ಜೀವಕ್ಕೆ ಈ ಜಾಣ್ಮೆ ಇರುವುದು ನನಗಂತೂ ಇಂದಿಗೂ ವಿಸ್ಮಯ ತರುತ್ತದೆ.

ಗಾಳಿ ಶ್ವಾಸಕೋಶದ ಯಾವ ಭಾಗಕ್ಕೆ ಹೋಗುತ್ತದೆ ಎಂಬುದನ್ನು ಮಾತ್ರ ಭಂಗಿ ಬದಲಿಸುತ್ತದೆ. ದೊಡ್ಡವರು ಮಗ್ಗುಲಾಗಿ ಮಲಗಿದಾಗ ಕೆಳಗಿನ ಶ್ವಾಸಕೋಶಕ್ಕೆ ಹೆಚ್ಚು ಗಾಳಿ. ಕೂಸುಗಳಲ್ಲಿ ಇದು ತಿರುವುಮುರುವು, ಮೇಲಿನದಕ್ಕೇ ಹೆಚ್ಚು ಎಂದು 1980ರ ದಶಕದ ಮೊದಲರ್ಧದಲ್ಲಿ ಲಂಡನ್ನಿನ ತಂಡವೊಂದು ಪ್ರಕಟಿಸಿದಾಗ ಮಕ್ಕಳ ವೈದ್ಯರು ಚಕಿತರಾದರು. ಒಂದು ಶ್ವಾಸಕೋಶ ಕೆಟ್ಟಿರುವ ಕೂಸನ್ನು ಯಾವ ಮಗ್ಗುಲಿಗೆ ಮಲಗಿಸಬೇಕೆಂಬ ನಿರ್ಧಾರಕ್ಕೆ ಇದು ಬೇಕಾಗುತ್ತದೆ. ಎದೆಯ ಸುತ್ತ ವಿದ್ಯುದ್ವಾರಗಳ ಪಟ್ಟಿ ಕಟ್ಟಿ ನೋವಿಲ್ಲದೆ ಗಾಳಿಯ ಹಂಚಿಕೆಯನ್ನು ನೋಡುವ ತಂತ್ರ ಬಂದ ಮೇಲೆ ಚಿತ್ರ ಇನ್ನಷ್ಟು ಜಟಿಲವಾಯಿತು. ತಲೆಯನ್ನು ಯಾವ ಕಡೆ ತಿರುಗಿಸಿದೆ ಎಂಬುದು ಕೂಡ ಹಂಚಿಕೆಯನ್ನು ಬದಲಿಸಬಲ್ಲದೆಂದು ಜರ್ಮನಿಯ ಫ್ರೆರಿಕ್ಸ್ ಮತ್ತು ಸಂಗಡಿಗರು 2003ರಲ್ಲಿ ಬರೆದರು. ಮನೆಯ ತೊಟ್ಟಿಲಿನ ಮಟ್ಟಿಗೆ ಈ ವಿವರಗಳಿಂದ ಹೆಚ್ಚೇನೂ ಆಗಬೇಕಾಗಿಲ್ಲ.

ಮನೆಯಲ್ಲಿ ಮುಖ್ಯವಾಗುವುದು ಶ್ವಾಸಕೋಶಕ್ಕಿಂತ ಅಲ್ಲಿಗೆ ಹೋಗುವ ದಾರಿ. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಹಿಂದಲೆ ಹೊರಚಾಚಿರುತ್ತದೆ, ಕುತ್ತಿಗೆಗೆ ತಲೆಯನ್ನು ಎತ್ತಿ ನಿಲ್ಲಿಸುವ ಕಸುವಿರುವುದಿಲ್ಲ. ಚಪ್ಪಟೆ ಹಾಸಿನ ಮೇಲೆ ಅಂಗಾತ ಮಲಗಿದರೂ ಗಲ್ಲ ಎದೆಯ ಕಡೆಗೆ ಸ್ವಲ್ಪ ವಾಲುತ್ತದೆ. ತಲೆಯ ಕೆಳಗೆ ಏನನ್ನಾದರೂ ಇಟ್ಟರೆ ಆ ವಾಲು ಹೆಚ್ಚಿ, ಮೆತ್ತನೆಯ ಶ್ವಾಸನಾಳ ಮಡಚಿಕೊಂಡು ದಾರಿ ಕಿರಿದಾಗುತ್ತದೆ. ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುವ ಪ್ರತಿ ದಾದಿಗೂ ಇದು ಗೊತ್ತು. ಹುಟ್ಟಿದ ಕೂಡಲೇ ಉಸಿರಾಡದ ಕೂಸಿನ ಭುಜದ ಕೆಳಗೆ ಮಡಚಿದ ಬಟ್ಟೆಯಿಟ್ಟು, ಕುತ್ತಿಗೆಯನ್ನು ತುಸುವೇ ಹಿಂದಕ್ಕೆ ಬಾಗಿಸಿ ದಾರಿ ತೆರೆಯುವುದು ಮೊದಲ ಪಾಠ. ಭಾರತ ಸರ್ಕಾರ 2009ರಲ್ಲಿ ಆರಂಭಿಸಿದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ತರಬೇತಿಯಲ್ಲಿ ಗೊಂಬೆಯ ಮೇಲೆ ಇದನ್ನೇ ಮಾಡಿಸುತ್ತಾರೆ. ಬಟ್ಟೆ ಭುಜದ ಕೆಳಗೆ, ತಲೆಯ ಕೆಳಗಲ್ಲ. ಕುತ್ತಿಗೆಯನ್ನು ಅತಿಯಾಗಿ ಹಿಂದಕ್ಕೆ ಬಗ್ಗಿಸಿದರೂ ದಾರಿ ಮುಚ್ಚುತ್ತದೆ.

ರಾಗಿ ದಿಂಬಿನ ಮತ್ತು ಸಾಸಿವೆ ದಿಂಬಿನ ವಿಷಯದಲ್ಲಿ ನನಗೆ ಖಚಿತ ಅಭಿಪ್ರಾಯವಿರುವುದು ಇದರಿಂದಲೇ. ತಲೆ ಗುಂಡಗಾಗಲೆಂದು ಪ್ರೀತಿಯಿಂದ ಹೊಲಿದಿಡುವ ಈ ದಿಂಬು ಕೂಸಿನ ದೊಡ್ಡ ಹಿಂದಲೆಯನ್ನು ಇನ್ನಷ್ಟು ಎತ್ತಿ ಗಲ್ಲವನ್ನು ಎದೆಗೆ ತಳ್ಳುತ್ತದೆ. ತಲೆ ಒಂದು ಕಡೆ ಚಪ್ಪಟೆಯಾಗದಂತೆ ನೋಡಿಕೊಳ್ಳಲು ಬೇರೆ ದಾರಿಯಿದೆ. ಮಲಗಿಸುವಾಗ ಮುಖವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಬಹುದು. ತೊಟ್ಟಿಲಲ್ಲಿ ತಲೆ ಕಾಲಿನ ದಿಕ್ಕನ್ನು ಅದಲುಬದಲು ಮಾಡಿದರೆ ಬೆಳಕಿನ ಕಡೆಗೆ ನೋಡಲು ಮಗು ತಾನೇ ಕುತ್ತಿಗೆ ತಿರುಗಿಸುತ್ತದೆ. ಚಪ್ಪಟೆ ತಲೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ಮೊದಲ ವರ್ಷ ದಿಂಬು ಬೇಡವೇ ಬೇಡ.

ಅರ್ಧ ಕುಳಿತ ಭಂಗಿಯಲ್ಲೂ ಇದೇ ತೊಂದರೆ. ಸ್ಲೊವೇನಿಯಾದಲ್ಲಿ 200 ಆರೋಗ್ಯವಂತ ನವಜಾತ ಶಿಶುಗಳನ್ನು ಆಸ್ಪತ್ರೆಯ ತೊಟ್ಟಿಲು, ಕಾರಿನಲ್ಲಿಡುವ ಹಾಸಿಗೆ, ಕಾರ್ ಸೀಟು ಈ ಮೂರರಲ್ಲೂ ಮಲಗಿಸಿ ಅಳೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಆಮ್ಲಜನಕದ ಸರಾಸರಿ ಮಟ್ಟ ತೊಟ್ಟಿಲಿನಲ್ಲಿ ಶೇ 97.9, ಕಾರಿನ ಹಾಸಿಗೆಯಲ್ಲಿ ಶೇ 96.3, ಕಾರ್ ಸೀಟಿನಲ್ಲಿ ಶೇ 95.7. ಸಂಖ್ಯೆ ಗಾಬರಿ ಹುಟ್ಟಿಸುವಂಥದ್ದಲ್ಲ, ಸೀಟು ಅಪಘಾತದಿಂದ ಕಾಪಾಡುತ್ತದೆಂಬುದೂ ನಿಜ. ಪ್ರಯಾಣ ಮುಗಿದ ಮೇಲೂ ಕೂಸನ್ನು ಅದರಲ್ಲೇ ನಿದ್ದೆಗೆ ಬಿಡಬಾರದೆಂಬುದು ಅದರ ಪಾಠ. ಒರಗು ತೊಟ್ಟಿಲುಗಳಿಂದ ಸಾವುಗಳಾದ ಮೇಲೆ, ಹತ್ತು ಡಿಗ್ರಿಗಿಂತ ಹೆಚ್ಚು ಓರೆಯಾದ ಮಲಗುವ ಸಾಧನಗಳ ಮಾರಾಟವನ್ನು ಅಮೆರಿಕ 2022ರಲ್ಲಿ ಕಾನೂನಿನಿಂದಲೇ ನಿಷೇಧಿಸಿತು. ಅಂಥವೇ ಸಾಧನಗಳು ನಮ್ಮಲ್ಲಿ ಆನ್‌ಲೈನ್ ಅಂಗಡಿಗಳಲ್ಲಿ ಉಡುಗೊರೆಯಾಗಿ ಸಲೀಸಾಗಿ ಸಿಗುತ್ತವೆ. ಕೊಡಗಿನಲ್ಲಿ ಕಾರ್ ಸೀಟಿಗಿಂತ ಹೆಚ್ಚು ಕಾಣುವುದು ತಾಯಿಯ ಮಡಿಲು. ಮೈಸೂರಿನ ಆಸ್ಪತ್ರೆಯಿಂದ ಮಡಿಕೇರಿಗೆ ಮೂರು ಗಂಟೆ, ಮಂಗಳೂರಿನಿಂದಾದರೆ ಸಂಪಾಜೆ ಘಾಟಿಯ ತಿರುವುಗಳು. ದಣಿದ ಬಾಣಂತಿ ಹೆಗಲ ಶಾಲಿನೊಳಗೆ ಕೂಸನ್ನು ಮುದುರಿ ಹಿಡಿದು ತೂಕಡಿಸಿದರೆ ಗಲ್ಲ ಎದೆಗಂಟಿ, ಮೂಗು ಬಟ್ಟೆಗೊತ್ತಿ ಹೋಗುವುದು ಯಾರಿಗೂ ಕಾಣುವುದಿಲ್ಲ. ದಾರಿಯಲ್ಲಿ ಗಾಡಿ ನಿಲ್ಲಿಸಿ ಮುಖ ನೋಡಬೇಕು. ಪಕ್ಕದಲ್ಲಿ ಎಚ್ಚರವಾಗಿರುವ ಇನ್ನೊಬ್ಬರು ಕೂತಿರಲೇಬೇಕು.

ಇನ್ನು ಬೋರಲು ಮಲಗಿಸುವ ವಿಷಯ. ಇಪ್ಪತ್ತನೆಯ ಶತಮಾನದ ವೈದ್ಯಕೀಯದಲ್ಲಿ ಇದಕ್ಕಿಂತ ನೋವಿನ ಅಧ್ಯಾಯಗಳು ಕಡಿಮೆ. ಅಮೆರಿಕದ ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ ಲಕ್ಷಗಟ್ಟಲೆ ಮನೆಗಳಲ್ಲಿತ್ತು. 1950ರ ದಶಕದ ಕೊನೆಯ ಹೊತ್ತಿನ ಆವೃತ್ತಿಯಲ್ಲಿ ಅವರು ಕೂಸನ್ನು ಬೋರಲು ಮಲಗಿಸುವುದೇ ಮೇಲು ಎಂದರು. ಅವರು ಕೊಟ್ಟ ಕಾರಣ ನಮ್ಮ ಅಜ್ಜಿಯರದ್ದೇ: ಅಂಗಾತ ಮಲಗಿದ ಕೂಸು ವಾಂತಿ ಮಾಡಿಕೊಂಡರೆ ಗಂಟಲು ಕಟ್ಟೀತು. ಪಶ್ಚಿಮದ ದೇಶಗಳಲ್ಲಿ ಒಂದು ತಲೆಮಾರು ಹಾಗೆ ಮಲಗಿತು. ಆರೋಗ್ಯವಾಗಿದ್ದ ಕೂಸು ಬೆಳಗಾಗುವಷ್ಟರಲ್ಲಿ ಸತ್ತಿರುವ, ಶವಪರೀಕ್ಷೆಯಲ್ಲೂ ಕಾರಣ ಸಿಗದ ಸಾವುಗಳು ಅಲ್ಲಿ ಏರುತ್ತ ಹೋದವು. 1985ರಲ್ಲಿ ಹಾಂಗ್‌ಕಾಂಗ್‌ನ ಮಕ್ಕಳ ವೈದ್ಯ ಡೇವಿಸ್ ಒಂದು ಪ್ರಶ್ನೆ ಎತ್ತಿದರು: ಇಷ್ಟು ಕಿಕ್ಕಿರಿದ ಊರಿನಲ್ಲಿ ಈ ಸಾವು ಇಷ್ಟು ಅಪರೂಪ ಏಕೆ? ಚೀನೀ ತಾಯಂದಿರು ಪರಂಪರೆಯಿಂದ ಕೂಸನ್ನು ಅಂಗಾತ ಮಲಗಿಸುತ್ತಾರೆ ಎಂಬುದರ ಕಡೆ ಅವರು ಬೆರಳು ತೋರಿಸಿದರು. ಆಸ್ಟ್ರೇಲಿಯಾದ ಸೂಸನ್ ಬೀಲ್ ಸತ್ತ ಮಕ್ಕಳ ಮನೆಗಳಿಗೆ ತಾವೇ ಹೋಗಿ, ಮಗು ಮಲಗಿದ್ದ ಭಂಗಿಯನ್ನು ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ನೆದರ್ಲೆಂಡ್ಸ್ 1987ರಲ್ಲೇ ಸಲಹೆ ಬದಲಿಸಿತು. ನ್ಯೂಜಿಲೆಂಡ್ ಮತ್ತು ಬ್ರಿಟನ್ 1991ರಲ್ಲಿ ಪ್ರಚಾರಕ್ಕಿಳಿದವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಶಿಫಾರಸು ಮಾಡಿತು, 1994ರಲ್ಲಿ ಅಲ್ಲಿ ದೇಶವ್ಯಾಪಿ ಆಂದೋಲನ ನಡೆಯಿತು. ಕೆಲವೇ ವರ್ಷಗಳಲ್ಲಿ ಈ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಔಷಧವಿಲ್ಲ, ಯಂತ್ರವಿಲ್ಲ, ಮಗುವನ್ನು ತಿರುಗಿಸಿ ಮಲಗಿಸಿದ್ದಷ್ಟೇ. 2005ರಲ್ಲಿ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ, ಬೋರಲು ಭಂಗಿಯ ಅಪಾಯಕ್ಕೆ ಸಾಕಷ್ಟು ಪುರಾವೆ 1970ರ ಹೊತ್ತಿಗೇ ಇತ್ತೆಂದು ಕಂಡಿತು. ಆಗಲೇ ಎಚ್ಚೆತ್ತಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯೂರೋಪ್, ಅಮೆರಿಕ, ಆಸ್ಟ್ರೇಲಿಯಾ ಪ್ರದೇಶಗಳಲ್ಲಿ ಕನಿಷ್ಠ 50,000 ಕೂಸುಗಳು ಉಳಿಯಬಹುದಿತ್ತು ಎಂಬುದು ಅವರ ಲೆಕ್ಕ. ಈ ಸಾಲನ್ನು ಬರೆಯುವಾಗ ಕೈ ತಡೆಯುತ್ತದೆ.

ಆಮ್ಲಜನಕದ ಮಟ್ಟ ಹೆಚ್ಚುಕಡಿಮೆ ಒಂದೇ ಇರುವಾಗ ಬೋರಲು ಮಲಗಿದ ಕೂಸಿಗೆ ಅಪಾಯ ಎಲ್ಲಿಂದ ಬಂತು? ಇಡೀ ಪ್ರಶ್ನೆಯ ತಿರುಳಿರುವುದು ಇಲ್ಲಿ. ಬೋರಲು ಮಲಗಿದ ಕೂಸು ಗಾಢವಾಗಿ ನಿದ್ರಿಸುತ್ತದೆ. ಪಕ್ಕದ ಮನೆಯವರು ಹೇಳುವುದು ಸುಳ್ಳಲ್ಲ. ಆ ಗಾಢ ನಿದ್ದೆಯೇ ಗಂಡಾಂತರ. ಮೆಲ್ಬರ್ನಿನಲ್ಲಿ ರೋಸ್ಮರಿ ಹಾರ್ನ್ ಅವರ ತಂಡ ನಿದ್ರಿಸುವ ತುಂಬು ತಿಂಗಳ ಕೂಸುಗಳ ಮೂಗಿಗೆ ಮೆಲ್ಲನೆ ಗಾಳಿ ಊದಿ, ಎಷ್ಟು ಬಲಕ್ಕೆ ಎಚ್ಚರಾಗುತ್ತವೆ ಎಂದು ಪರೀಕ್ಷಿಸಿತು. ಬೋರಲಿದ್ದಾಗ ಎಬ್ಬಿಸಲು ಹೆಚ್ಚು ಬಲ ಬೇಕಾಯಿತು ಎಂದು 2001ರಲ್ಲಿ ವರದಿಯಾಯಿತು. ಬೋರಲು ಭಂಗಿಯಲ್ಲಿ ಎದೆಬಡಿತ ಏರುತ್ತದೆ, ಬಡಿತದ ಏರಿಳಿತ ಕುಗ್ಗುತ್ತದೆ, ಚರ್ಮ ಬಿಸಿಯಾಗುತ್ತದೆ. ಕೂಸು ಮೈಯ ಬಿಸಿಯನ್ನು ಬಹುಪಾಲು ತಲೆ ಮತ್ತು ಮುಖದಿಂದ ಹೊರಹಾಕುತ್ತದೆ, ಆ ಮುಖವೇ ಹಾಸಿಗೆಗೆ ಒತ್ತಿದ್ದರೆ ಹೊರಹಾಕುವುದೆಲ್ಲಿ? ಮೂಗು ಮೆತ್ತನೆಯ ಹಾಸಿನಲ್ಲಿ ಹುದುಗಿದರೆ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅಮೆರಿಕದ ಕೆಂಪ್ ಮತ್ತು ಥ್ಯಾಚ್ ಎಂಬ ವೈದ್ಯರು 1991ರಲ್ಲಿ, ಪ್ಲಾಸ್ಟಿಕ್ ಮಣಿ ತುಂಬಿದ ಮೆತ್ತೆಗಳ ಮೇಲೆ ಬೋರಲು ಮಲಗಿ ಸತ್ತ ಕೂಸುಗಳ ವಿಷಯದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಅಂಥ ಹೊತ್ತಿನಲ್ಲಿ ಅಂಗಾತ ಮಲಗಿದ ಕೂಸು ಥಟ್ಟನೆ ಎಚ್ಚೆತ್ತು, ತಲೆ ಕೊಡವಿ, ಅತ್ತುಬಿಡುತ್ತದೆ. ಬೋರಲು ಮಲಗಿದ್ದು ಎಚ್ಚರಗೊಳ್ಳದೆ ಹೋಗಬಹುದು. ಅಂದರೆ ಭಂಗಿ ಕೆಡಿಸುವುದು ಉಸಿರನ್ನಲ್ಲ, ಉಸಿರು ಕೆಟ್ಟಾಗ ಎಚ್ಚರಿಸುವ ಕಾವಲನ್ನು. ನಿದ್ದೆಯಲ್ಲಿ ಆಗಾಗ ಮಿಸುಕಿ ಕೊಸರಾಡುವ ಕೂಸನ್ನು ಕಂಡು ಬೇಸರಪಡಬೇಡಿ ಎಂದು ತಾಯಂದಿರಿಗೆ ಹೇಳಬೇಕೆನಿಸುತ್ತದೆ.

ಹಾಲು ನೆತ್ತಿಗೇರುವ ಭಯಕ್ಕೆ ಅಂಗರಚನೆಯೇ ಉತ್ತರ ಕೊಡುತ್ತದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗೆ. ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಎದುರು ಏರಬೇಕು. ಬೋರಲಾದಾಗ ಶ್ವಾಸನಾಳವೇ ಕೆಳಗಾಗುತ್ತದೆ. ಕೋಟಿಗಟ್ಟಲೆ ಕೂಸುಗಳನ್ನು ಅಂಗಾತಕ್ಕೆ ತಿರುಗಿಸಿದ ಮೇಲೂ ಹಾಲು ಸಿಕ್ಕಿಕೊಂಡು ಸತ್ತವರ ಸಂಖ್ಯೆ ಆ ದೇಶಗಳಲ್ಲಿ ಹೆಚ್ಚಲಿಲ್ಲ. ಹಾಲೂಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗಿಸಿ, ಆಮೇಲೆ ಅಂಗಾತ ಮಲಗಿಸಿದರಾಯಿತು. ಮಗ್ಗುಲು ಭಂಗಿ ಎರಡರ ನಡುವಿನ ರಾಜಿಯಂತೆ ಕಾಣುತ್ತದೆ, ಆದರೆ ಕೂಸಿಗೆ ಮಗ್ಗುಲಾಗಿ ನಿಲ್ಲುವ ಶಕ್ತಿಯಿಲ್ಲ. ಉರುಳಿ ಬೋರಲಾಗುವ ಸಾಧ್ಯತೆ ಹೆಚ್ಚು, ಹಾಗೆ ಅಚಾನಕ್ಕಾಗಿ ಬೋರಲಾದದ್ದು ರೂಢಿಯ ಬೋರಲಿಗಿಂತಲೂ ಅಪಾಯ.

ಇತ್ತೀಚೆಗೆ ಹೊಸದೊಂದು ಗೊಂದಲ ಸೇರಿದೆ. ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶುಗಳ ವಿಶೇಷ ಘಟಕದಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸನ್ನು ಬೋರಲು ಮಲಗಿಸಿರುವುದನ್ನು ತಾಯಿ ವಾರಗಟ್ಟಲೆ ನೋಡುತ್ತಾಳೆ. ಮನೆಗೆ ಬಂದ ಮೇಲೆ ಅದನ್ನೇ ಮಾಡುತ್ತಾಳೆ. ಅಲ್ಲಿ ಎದೆಗೆ ತಂತಿ, ಕಾಲಿಗೆ ಪಲ್ಸ್ ಆಕ್ಸಿಮೀಟರ್, ಪಕ್ಕದಲ್ಲಿ ನಿದ್ರಿಸದ ದಾದಿ ಇದ್ದರು. ಮನೆಯಲ್ಲಿ ಅವಾವುವೂ ಇಲ್ಲ. ಬಿಡುಗಡೆಗೆ ಕೆಲವು ದಿನ ಮುಂಚಿನಿಂದಲೇ ಘಟಕದಲ್ಲಿ ಕೂಸನ್ನು ಅಂಗಾತ ಮಲಗಿಸಿ ತಾಯಿಯ ಕಣ್ಣಿಗೆ ರೂಢಿ ಮಾಡಿಸುವುದು ವೈದ್ಯರ ಹೊಣೆ. ಕಾಂಗರೂ ಆರೈಕೆಯ ಮಾತು ಬೇರೆ. 1970ರ ದಶಕದ ಕೊನೆಯಲ್ಲಿ ಬೊಗೋಟಾದಲ್ಲಿ ಶುರುವಾಗಿ, ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರು ಮತ್ತು ಸರ್ಕಾರಿ ದಾದಿಯರು ಸೇರಿ ವ್ಯಾಪಕವಾಗಿ ಹರಡಿದ ಈ ಪದ್ಧತಿಯಲ್ಲಿ ಕೂಸು ತಾಯಿಯ ಎದೆಗೆ ಎದೆಯೊತ್ತಿ ನೆಟ್ಟಗಿರುತ್ತದೆ, ತಲೆ ಒಂದು ಪಕ್ಕಕ್ಕೆ, ಕುತ್ತಿಗೆ ಮಡಚದಂತೆ. ಮೂಗು ಸದಾ ಕಾಣುತ್ತಿರಬೇಕು. ಹೆರಿಗೆಯಾದ ಮೊದಲೆರಡು ಗಂಟೆ ಆರೋಗ್ಯವಂತ ಕೂಸನ್ನೂ ಹೀಗೆಯೇ ಎದೆಯ ಮೇಲೆ ಮಲಗಿಸುತ್ತಾರೆ. ಅದು ಒಳ್ಳೆಯದು. ಚೊಚ್ಚಲ ಹೆರಿಗೆಯ ಬಸವಳಿದ ತಾಯಿಯನ್ನು ಆ ಹೊತ್ತಿನಲ್ಲಿ ಒಂಟಿಯಾಗಿ ಬಿಡುವುದು ಮಾತ್ರ ಒಳ್ಳೆಯದಲ್ಲ. ಕೂಸಿನ ಮೂಗು ಮುಚ್ಚಿ ಉಸಿರು ಕುಸಿದ ಪ್ರಕರಣಗಳು ಅನೇಕ ದೇಶಗಳಿಂದ ವರದಿಯಾಗಿವೆ.

ಕೊಡಗಿನ ಮಳೆಗಾಲವನ್ನು ಬಿಟ್ಟು ಇಲ್ಲಿಯ ತೊಟ್ಟಿಲ ಮಾತು ಮುಗಿಯುವುದಿಲ್ಲ. ಕಕ್ಕಡ ತಿಂಗಳಲ್ಲಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಹುಟ್ಟಿದ ಕೂಸನ್ನು ಬೆಚ್ಚಗಿಡುವುದು ಅತ್ಯಗತ್ಯ. ನಡುಗುವ ಶಕ್ತಿಯೂ ಇಲ್ಲದ ಹಸುಗೂಸಿಗೆ ಚಳಿ ಪ್ರಾಣಕ್ಕೇ ಎರವಾಗಬಹುದು. ಆದರೆ ಕಂಬಳಿಯ ಮೇಲೆ ಕಂಬಳಿ, ಕಿವಿ ಮುಚ್ಚುವ ಟೊಪ್ಪಿ, ಮುಖದ ಮೇಲೆ ಶಾಲಿನ ಅಂಚು, ಬೂರುಗದ ಹತ್ತಿಯ ಮೆತ್ತನೆ ಹಾಸಿಗೆ ಎಲ್ಲ ಸೇರಿದರೆ ಅಂಗಾತ ಮಲಗಿಸಿದ್ದರ ಅರ್ಧ ಲಾಭ ಹೋದಂತೆ. ಬಟ್ಟೆ ಸುತ್ತುವುದಾದರೆ ಎದೆಯ ಬಳಿ ಒಂದು ಕೈ ಹೋಗುವಷ್ಟು ಸಡಿಲವಿರಲಿ, ಸೊಂಟ ಮತ್ತು ತೊಡೆ ಅಗಲಿಸಲು ಬರಲಿ. ಹೊದಿಕೆ ಕಂಕುಳ ಮೇಲೆ ಬಾರದಿರಲಿ. ಕೂಸಿನ ಹೊಟ್ಟೆ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಒದ್ದೆ ಬಟ್ಟೆ ಒಣಗಿಸಲು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗುವುದು, ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆಯಲ್ಲಿ ಕೂಸನ್ನು ಹಿಡಿಯುವುದು ಎರಡನ್ನೂ ಬಿಡಬೇಕೆಂದು ನಾನು ಕೈಮುಗಿದು ಕೇಳುತ್ತೇನೆ. ಇದ್ದಿಲ ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿಮಿಷಕ್ಕೆ 50 ಸಲ ಉಸಿರೆಳೆಯುವ ಕೂಸಿಗೆ ಅದು ನಮಗಿಂತ ಬೇಗ ಸೇರುತ್ತದೆ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಲೈನ್ ಮನೆಗಳ ಬಳಿ, ನೆರಳುಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿ ಕಾಣುತ್ತದೆ. ಯರವ, ಕುರುಬ ಸಮುದಾಯದ ಹೆಂಗಸರಿರಲಿ, ದೂರದ ರಾಜ್ಯಗಳಿಂದ ಬಂದ ಕೆಲಸದವರಿರಲಿ, ಕೈ ಬಿಡುವಾಗಲು ಅವರಿಗಿರುವ ಒಂದೇ ಉಪಾಯ ಅದು. ಜೋಲಿಯ ತೂಗಾಟ ಕೂಸನ್ನು ಸಮಾಧಾನಪಡಿಸುತ್ತದೆ, ಇರುವೆ ಜಿಗಣೆಗಳಿಂದ ದೂರ ಇಡುತ್ತದೆ. ಆದರೆ ಆಳವಾಗಿ ಬಾಗಿದ ಜೋಲಿಯಲ್ಲಿ ಬೆನ್ನು ಗೂನಾಗಿ ಗಲ್ಲ ಎದೆಗೆ ಬರುತ್ತದೆ, ಹೊಟ್ಟೆ ಮಡಚಿ ವಪೆ ಮೇಲಕ್ಕೆ ಒತ್ತಲ್ಪಡುತ್ತದೆ, ಸೀರೆಯ ಎರಡು ಅಂಚು ಮುಖದ ಮೇಲೆ ಕೂಡಿಕೊಳ್ಳುತ್ತವೆ. ಎರಡು ತುದಿಗಳ ನಡುವೆ ಅಡ್ಡ ಕೋಲು ಕಟ್ಟಿ ಅಂಚು ಅಗಲಿಸಿದರೆ, ತಳಕ್ಕೆ ಗಟ್ಟಿಯಾದ ಚಪ್ಪಟೆ ಹಲಗೆ ಹಾಕಿ ತೆಳು ಬಟ್ಟೆ ಹಾಸಿದರೆ ಅಪಾಯ ಬಹಳ ಇಳಿಯುತ್ತದೆ. ರಾತ್ರಿಯ ನಿದ್ದೆಗೆ ಮಾತ್ರ ಚಾಪೆಯ ಮೇಲಿನ ಗಟ್ಟಿ ಹಾಸೇ ಸರಿ. ತಾಯಿಗೆ ಬುದ್ಧಿ ಹೇಳಿ ಸುಮ್ಮನಾಗುವುದು ನ್ಯಾಯವಲ್ಲ ಎಂದೂ ಸೇರಿಸಬೇಕು. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಲೇಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಣ್ಣ ತೋಟಗಳೇ ಹೆಚ್ಚಿರುವ ಕೊಡಗಿನಲ್ಲಿ ದಿನಗೂಲಿಯ ತಾಯಿ ಆ ಲೆಕ್ಕದೊಳಗೆ ಬರುವುದೇ ಇಲ್ಲ. ಎಂಟತ್ತು ತೋಟಗಳ ಮಾಲೀಕರು ಕೂಡಿ ಕೊಯ್ಲಿನ ಕಾಲಕ್ಕಾದರೂ ಒಂದು ಕೋಣೆ, ಒಬ್ಬ ಆಯಾ ಇಟ್ಟರೆ ಯಾವ ತೋಟವೂ ಮುಳುಗುವುದಿಲ್ಲ.

ಬೋರಲು ಭಂಗಿಗೂ ಅದರದೇ ಜಾಗವಿದೆ. ಎಣ್ಣೆ ತಿಕ್ಕಿ ನೀರೆರೆಯುವಾಗ ಅಜ್ಜಿ ಕಾಲು ನೀಡಿ ಕೂತು ಕೂಸನ್ನು ಮೊಣಕಾಲುಗಳ ಮೇಲೆ ಬೋರಲು ಹಾಕಿಕೊಳ್ಳುತ್ತಾಳೆ, ಅದು ತಲೆಯೆತ್ತಲು ತಿಣುಕುತ್ತದೆ. ಕುತ್ತಿಗೆ ಮತ್ತು ಬೆನ್ನಿನ ಕಸುವಿಗೆ ಎಚ್ಚರದ ಹೊತ್ತಿನಲ್ಲಿ ಬೋರಲು ಮಲಗಿಸಿ ಎಂದು ಇಂದಿನ ಮಕ್ಕಳ ವೈದ್ಯರು ಹೇಳುವುದು ನಮ್ಮ ಬಚ್ಚಲುಮನೆಯಲ್ಲಿ ಎಂದಿನಿಂದಲೋ ನಡೆದಿದೆ. ಮೂಗು ಬಾಯಿಗೆ ನೀರು ಹೋಗದಂತೆ, ಮೂಗಿಗೆ ಎಣ್ಣೆ ಬಿಡದಂತೆ ನೋಡಿಕೊಂಡರೆ ಈ ಪದ್ಧತಿ ಉಳಿಯಬೇಕು. ಎಚ್ಚರವಿದ್ದಾಗ ಬೋರಲು, ಕಣ್ಣಮುಂದೆ. ನಿದ್ದೆಗೆ ಅಂಗಾತ.

ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ. ಕೂಸು ಸಮಾಧಾನವಾಗಿರುವಾಗ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾಳೆ. 60 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ಆಸ್ಪತ್ರೆಗೆ ಕಳಿಸಬೇಕು. ಎದೆಯ ಕೆಳಭಾಗ ಆಳವಾಗಿ ಒಳಸೇರುವುದು, ನರಳುವ ಸದ್ದು, ತುಟಿ ನೀಲಿಯಾಗುವುದು, ಮೊಲೆ ಹಿಡಿಯದಿರುವುದು ಕಂಡರೆ ಎಣಿಕೆಗೂ ಕಾಯಬಾರದು. ಅಂಥ ಕೂಸಿಗೆ ಭಂಗಿ ಬದಲಿಸಿ ನೋಡೋಣ ಎನ್ನುವ ಹೊತ್ತು ಅದಲ್ಲ, ಹೊರಡುವ ಹೊತ್ತು. ನನ್ನದೊಂದು ಕೋರಿಕೆ ಇದೆ. ಮೂರನೆಯ ದಿನದ ಭೇಟಿಯಲ್ಲೇ ಆಶಾ ಕಾರ್ಯಕರ್ತೆ ರಾತ್ರಿ ಮಗು ಎಲ್ಲಿ ಮಲಗುತ್ತದೆ ತೋರಿಸಿ ಎಂದು ಕೇಳಲಿ. ಆ ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಲಿ. ದಿಂಬು ತೆಗೆಸಿ, ಹೊದಿಕೆ ಕಂಕುಳವರೆಗೆ ಇಳಿಸಿ, ಬಾಣಂತಿಗೆ ಮಾತ್ರವಲ್ಲದೆ ರಾತ್ರಿ ಎದ್ದು ಕೂಸನ್ನು ಎತ್ತಿಕೊಳ್ಳುವ ಅಜ್ಜಿಗೂ ಅಂಗಾತ ಮಲಗಿಸಿ ತೋರಿಸಲಿ. ಐದು ನಿಮಿಷದ ಕೆಲಸ. ತಾಲ್ಲೂಕು ಆರೋಗ್ಯಾಧಿಕಾರಿಗಳು ಒಂದು ಸಭೆಯಲ್ಲಿ ಹೇಳಿದರೆ ಮಳೆಗಾಲಕ್ಕೆ ಮುಂಚೆಯೇ ಶುರುವಾಗಬಹುದು.